ನೆಲ ಡೊಂಕೆನ್ನುವ ಮೊದಲು

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಹೇಳಿ ನಗುವುದು ಸುಲಭ. ಆದರೆ ಲೋಕದಲ್ಲಿ ನಿಜವಾಗಿಯೂ ಡೊಂಕಾದ ನೆಲಗಳು ಇಲ್ಲದೆ ಇಲ್ಲ. ಆಟಗಳ ಪೈಕಿ ಕ್ರಿಕೆಟ್ಟಿನಷ್ಟು ನೆಲವನ್ನು ನೆಚ್ಚಿಕೊಂಡ ಆಟ ಮತ್ತೊಂದು ಇರಲಾರದು. ಬೌಲರನ ಕೈಯಿಂದ ಹೊರಟ ಚೆಂಡು ದಾಂಡಿಗನನ್ನು ತಲಪುವ ಮೊದಲು, ಸಾಮಾನ್ಯವಾಗಿ, ಒಮ್ಮೆ ನೆಲವನ್ನು ಮುಟ್ಟಿ, ಅದರ ಅಪ್ಪಣೆಯನ್ನು ಪಡೆದೇ ಮುಂದೆ ಸಾಗುತ್ತದೆ. ಇಪ್ಪತ್ತೆರಡು ಗಜ ಉದ್ದದ ಆ ಪಟ್ಟಿಯಲ್ಲಿ ಹಸುರು ಹುಲ್ಲಿದ್ದರೆ ಒಂದು ಬಗೆ, ಬಿರುಕು ಬಿಟ್ಟ ಒಣ ಮಣ್ಣಿದ್ದರೆ ಇನ್ನೊಂದು ಬಗೆ. ಸ್ವದೇಶದಲ್ಲಿ ಆಡುವವನಿಗೆ ಆ ನೆಲದ ಗುಣ ತಾಯಿಯ ಮುಖದಂತೆ ಪರಿಚಿತ. ಪರದೇಶಕ್ಕೆ ಹೋದವನಿಗೆ ಅದು ಅಪರಿಚಿತರ ಮನೆಯ ಜಗಲಿ. ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯದು. ಹೀಗಿರಲು, ಅಂತಹ ನೆಲದಲ್ಲಿ ಚೆಂಡೆಸೆಯಲು ಯಾರನ್ನು ಆರಿಸಬೇಕು? ಭಾರತದ ತಂಡವು ತೊಂಬತ್ತು ವರ್ಷಗಳಿಗೂ ಮೇಲ್ಪಟ್ಟು ಈ ಪ್ರಶ್ನೆಗೆ ಕೊಟ್ಟುಕೊಂಡು ಬಂದಿರುವ ಉತ್ತರಗಳನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಾಥಮಿಕ ಶಾಲೆಯ ಅಧ್ಯಾಪಕನಿಗೆ ಈ ವಿಚಾರ ಏಕೆ ಬೇಕಾಯಿತೆಂದು ವಾಚಕರು ಕೇಳಬಹುದು. ಅದಕ್ಕೊಂದು ಸಣ್ಣ ಕಾರಣವುಂಟು. ನಮ್ಮ ಶಾಲೆಯ ಮಕ್ಕಳು ಆಡುವುದು ಕೊಯ್ಲು ಮುಗಿದ ಗದ್ದೆಯಲ್ಲಿ. ಅಲ್ಲಿ ಚೆಂಡು ಮೊಣಕಾಲಿನಿಂದ ಮೇಲೆ ಏಳುವುದೇ ಅಪರೂಪ. ಒಂದು ಸಲ ಅವರನ್ನು ಮುರಕಲ್ಲಿನ ಗುಡ್ಡದ ಮೇಲಿದ್ದ ಬೇರೊಂದು ಶಾಲೆಯ ಅಂಗಣಕ್ಕೆ ಪಂದ್ಯಕ್ಕಾಗಿ ಕರೆದೊಯ್ದೆನು. ನೆಲ ಗಟ್ಟಿಯಾಗಿದೆ, ಇಲ್ಲಿ ವೇಗವೇ ಬೇಕು ಎಂದು ತೀರ್ಮಾನಿಸಿ, ಚೆಂಡನ್ನು ನಿಧಾನವಾಗಿ ತಿರುಗಿಸುತ್ತಿದ್ದ ಒಬ್ಬ ಹುಡುಗನನ್ನು ಹೊರಗೆ ಕೂರಿಸಿ, ಬೀಸಿ ಎಸೆಯುವ ಮೂವರನ್ನು ಆಡಿಸಿದೆನು. ಚೆಂಡುಗಳೆಲ್ಲ ಪುಟಿದು ದಾಂಡಿಗನ ತಲೆಯ ಮೇಲಿನಿಂದ ಹಾರಿ ಗುಡ್ಡದ ಇಳಿಜಾರನ್ನು ಸೇರಿದವು. ಹಿಂದಿರುಗುವಾಗ ಆ ಹುಡುಗ, "ಮಾಷ್ಟ್ರೇ, ನನ್ನ ಚೆಂಡೂ ಅಲ್ಲಿ ಪುಟಿಯುತ್ತಿತ್ತಲ್ಲ, ನನ್ನನ್ನು ಯಾಕೆ ಆಡಿಸಲಿಲ್ಲ?" ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ, ನನಗಿಂತ ಬಲು ದೊಡ್ಡವರೂ ಇದೇ ಪ್ರಶ್ನೆಯ ಮುಂದೆ ತಡವರಿಸಿದ್ದು ಕಂಡುಬಂದಿತು.

ಮೊದಲು ಆಟದ ಲೆಕ್ಕವನ್ನು ತಿಳಿಯಬೇಕು. ಐದು ದಿನಗಳ ಟೆಸ್ಟ್ ಪಂದ್ಯವನ್ನು ಗೆಲ್ಲಬೇಕಾದರೆ ಸಾಮಾನ್ಯವಾಗಿ ಎದುರಾಳಿಗಳ ೨೦ ವಿಕೆಟ್‌ಗಳನ್ನು ಕೆಡವಬೇಕು. ಓಟಗಳ ರಾಶಿಯನ್ನೇ ಒಟ್ಟಿದರೂ ೨೦ ವಿಕೆಟ್ ಬೀಳದಿದ್ದರೆ ಪಂದ್ಯ ಸಮವಾಗುವುದೇ ಹೊರತು ಗೆಲುವು ಬಾರದು. ಈ ಕೆಲಸಕ್ಕೆ ದೊರೆಯುವವರು ನಾಲ್ಕೈದು ಮಂದಿ ಬೌಲರುಗಳು ಮಾತ್ರ. ಅವರಲ್ಲಿ ವೇಗದವರೆಷ್ಟು, ಚೆಂಡನ್ನು ತಿರುಗಿಸುವ ಸ್ಪಿನ್ ಬೌಲರುಗಳೆಷ್ಟು ಎಂಬುದೇ ಆಯ್ಕೆಯ ತಿರುಳು. ಇಂಗ್ಲೆಂಡಿನ ತಂಪು ಹವೆಯಲ್ಲಿ ಒದ್ದೆ ಹುಲ್ಲಿನ ಮೇಲೆ ಬಿದ್ದ ಚೆಂಡು ತನ್ನ ಹೊಲಿಗೆಯ ಮೇಲೆ ಆಚೀಚೆ ಹೊರಳುತ್ತದೆ. ಮೋಡ ಕವಿದ ದಿನ ಗಾಳಿಯಲ್ಲಿಯೇ ಬಾಗುತ್ತದೆಂಬುದು ಆಟಗಾರರ ಅನುಭವ. ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕಗಳ ಗಟ್ಟಿ ನೆಲದಲ್ಲಿ ಅದು ಎದೆಯ ಮಟ್ಟಕ್ಕೆ ಪುಟಿಯುತ್ತದೆ. ನಮ್ಮ ದೇಶದಲ್ಲಾದರೋ ಬಿಸಿಲಿಗೆ ಒಣಗಿದ ಮಣ್ಣು ಮೂರನೆಯ ದಿನದ ಹೊತ್ತಿಗೆ ಬಿರಿದು, ತಿರುಗುವ ಚೆಂಡನ್ನು ಕಚ್ಚಿ ಹಿಡಿಯುತ್ತದೆ. ಚೆಂಡುಗಳೂ ಒಂದೇ ಬಗೆಯವಲ್ಲ. ಇಂಗ್ಲೆಂಡಿನ ಡ್ಯೂಕ್ಸ್ ಚೆಂಡಿನ ಕೈಹೊಲಿಗೆ ಬಹು ಹೊತ್ತು ಎದ್ದು ನಿಲ್ಲುತ್ತದೆ; ಆಸ್ಟ್ರೇಲಿಯದಲ್ಲಿ ಬಳಸುವ ಕೂಕಬುರ‍್ರಾ ಚೆಂಡಿನ ಹೊಲಿಗೆ ಬೇಗ ಮಟ್ಟಸವಾಗುತ್ತದೆ. ನೆಲ, ಮುಗಿಲು, ಚೆಂಡು ಈ ಮೂರನ್ನೂ ನೋಡಿ, ನಾಲ್ಕನೆಯದಾಗಿ ತನ್ನ ಬಳಿ ಇರುವ ಕೈಗಳನ್ನು ನೋಡಿ ನಾಯಕನು ತೀರ್ಮಾನಿಸಬೇಕು. ಈ ನಾಲ್ಕನೆಯದನ್ನು ಮರೆತಾಗ ಏನಾಗುತ್ತದೆಂಬುದನ್ನು ಮುಂದೆ ನೋಡೋಣ.

ಭಾರತವು ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದೇ ಪರನೆಲದಲ್ಲಿ. ೧೯೩೨ರ ಜೂನ್ ೨೫ರಂದು ಲಾರ್ಡ್ಸ್ ಅಂಗಣದಲ್ಲಿ ಸಿ. ಕೆ. ನಾಯುಡು ಅವರ ನಾಯಕತ್ವದಲ್ಲಿ ಆ ಪಂದ್ಯ ಆರಂಭವಾಯಿತು. ಆಗ ನಮ್ಮ ಬಲವಿದ್ದದ್ದು ವೇಗದ ಬೌಲರುಗಳಲ್ಲಿ ಎಂದರೆ ಇಂದಿನವರಿಗೆ ಆಶ್ಚರ್ಯವಾದೀತು. ಮಹಮ್ಮದ್ ನಿಸಾರ್ ಮತ್ತು ಅಮರ್ ಸಿಂಗ್ ಹೊಸ ಚೆಂಡನ್ನು ಹಿಡಿದರು. ಇಂಗ್ಲೆಂಡಿನ ಮೊದಲ ಮೂರು ವಿಕೆಟ್‌ಗಳು ಕೇವಲ ೧೯ ಓಟಗಳಿಗೆ ಉರುಳಿದವು. ಆ ಇನ್ನಿಂಗ್ಸ್‌ನಲ್ಲಿ ನಿಸಾರರು ೯೩ ಓಟಗಳಿಗೆ ೫ ವಿಕೆಟ್ ಪಡೆದರು. ಪಂದ್ಯವನ್ನು ಭಾರತ ೧೫೮ ಓಟಗಳಿಂದ ಸೋತರೂ, ಇಂಗ್ಲಿಷರ ನೆಲಕ್ಕೆ ಒಪ್ಪುವ ಬೌಲರುಗಳು ನಮ್ಮಲ್ಲಿ ಇಲ್ಲವೆಂದು ಅಂದು ಯಾರೂ ಹೇಳುವಂತಿರಲಿಲ್ಲ.

ಈ ಸಂಪತ್ತು ಉಳಿಯಲಿಲ್ಲ. ಅಮರ್ ಸಿಂಗರು ೧೯೪೦ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ದೇಶವಿಭಜನೆಯಾದಾಗ ನಿಸಾರರು ಪಾಕಿಸ್ತಾನದವರಾದರು. ೧೯೪೭ರ ಆಸ್ಟ್ರೇಲಿಯ ಪ್ರವಾಸಕ್ಕೆ ಭಾರತದ ತಂಡದಲ್ಲಿ ಆಯ್ಕೆಯಾಗಿದ್ದ ಫಜಲ್ ಮಹಮೂದರೂ ಆ ಕಡೆಗೇ ಉಳಿದರು. ಅದೇ ಫಜಲರು ೧೯೫೪ರಲ್ಲಿ ಓವಲ್ ಅಂಗಣದಲ್ಲಿ ೯೯ ಓಟಗಳಿಗೆ ೧೨ ವಿಕೆಟ್ ಕಿತ್ತು ಪಾಕಿಸ್ತಾನಕ್ಕೆ ಗೆಲುವನ್ನು ತಂದುಕೊಟ್ಟರು. ಗಡಿ ಎಳೆದಾಗ ಹೊಲಮನೆಗಳಷ್ಟೇ ಅಲ್ಲ, ಹೊಸ ಚೆಂಡನ್ನು ಹಿಡಿಯುವ ಕೈಗಳೂ ಹಂಚಿಹೋದವು. ಉಳಿದ ನೆಲದಲ್ಲಿ ಬೆಳೆದದ್ದು ಸ್ಪಿನ್ ಬೌಲಿಂಗ್.

ಈ ಕೊರತೆ ಎಲ್ಲಿಯವರೆಗೆ ಬಂದಿತೆಂಬುದಕ್ಕೆ ೧೯೬೭ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನ ಎಜ್‌ಬ್ಯಾಸ್ಟನ್ ಅಂಗಣದಲ್ಲಿ ನಡೆದ ಪಂದ್ಯವೇ ಸಾಕ್ಷಿ. ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ಈ ನಾಲ್ವರು ಸ್ಪಿನ್ ಬೌಲರುಗಳೂ ಕೂಡಿ ಆಡಿದ ಏಕೈಕ ಟೆಸ್ಟ್ ಪಂದ್ಯವದು. ವೇಗದ ಬೌಲರ್ ಎಂದು ಕರೆಯಬಹುದಾದವನು ಆ ಹನ್ನೊಂದು ಮಂದಿಯಲ್ಲಿ ಒಬ್ಬನೂ ಇರಲಿಲ್ಲ. ಹೊಸ ಚೆಂಡಿನ ಹೊಳಪನ್ನು ಯಾರಾದರೂ ಉಜ್ಜಿ ತೆಗೆಯಬೇಕಷ್ಟೆ! ಆ ಕೆಲಸ ಮೈಸೂರು ತಂಡದ ವಿ. ಸುಬ್ರಹ್ಮಣ್ಯ ಅವರಿಗೂ ಬುಧಿ ಕುಂದರನ್ ಅವರಿಗೂ ಬಂದಿತು. ಕುಂದರನ್ನರು ಹುಟ್ಟಿದ್ದು ನಮಗೆ ದೂರವಲ್ಲದ ಮೂಲ್ಕಿಯಲ್ಲಿ; ಅವರ ನಿಜವಾದ ಕಸುಬು ವಿಕೆಟ್ ಕೀಪಿಂಗ್. ಟೆಸ್ಟ್ ಪಂದ್ಯದಲ್ಲಿ ವಿಕೆಟ್ ಕೀಪರನೊಬ್ಬನು ಬೌಲಿಂಗ್ ಆರಂಭಿಸಿದ್ದನ್ನು ಕೇಳಿ ಇಂದು ನಗು ಬರಬಹುದು. ಆದರೆ ಅದೇ ಪಂದ್ಯದ ಅಂಕಿಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ನಗು ನಿಲ್ಲುತ್ತದೆ. ಇಂಗ್ಲೆಂಡ್ ತಂಡವು ೨೯೮ಕ್ಕೂ ೨೦೩ಕ್ಕೂ ಎಲ್ಲ ವಿಕೆಟ್‌ಗಳನ್ನು ಕಳೆದುಕೊಂಡಿತು. ಅಂದರೆ ೨೦ ವಿಕೆಟ್ ಬಿದ್ದವು. ಸೋಲಿಗೆ ಮುಖ್ಯ ಕಾರಣ ನಮ್ಮ ದಾಂಡಿಗರು ಮೊದಲ ಇನ್ನಿಂಗ್ಸ್‌ನಲ್ಲಿ ೯೨ಕ್ಕೆ ಕುಸಿದದ್ದು. ಪರನೆಲದಲ್ಲಿ ಸೋತಾಗಲೆಲ್ಲ ಬೌಲರುಗಳ ಆಯ್ಕೆಯನ್ನೇ ದೂರುವವರು ಈ ಪಂದ್ಯವನ್ನು ನೆನಪಿಡಬೇಕು.

ನಾಯಕ ಪಟೌಡಿಯವರ ಲೆಕ್ಕ ಸರಳವಾಗಿತ್ತು. ಸಾಧಾರಣ ವೇಗದ ಬೌಲರನಿಗಿಂತ ಉತ್ತಮ ಸ್ಪಿನ್ ಬೌಲರನು ಯಾವ ನೆಲದಲ್ಲಿಯೂ ಮೇಲು ಎಂಬುದೇ ಅದು. ಇದರ ಫಲ ಕೆಲವೇ ತಿಂಗಳುಗಳಲ್ಲಿ ದೊರೆಯಿತು. ೧೯೬೮ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ದಕ್ಷಿಣ ತುದಿಗೆ ಸಮೀಪದ ಡ್ಯುನೆಡಿನ್ ಎಂಬ ಚಳಿಯೂರಿನಲ್ಲಿ ಭಾರತವು ಪರದೇಶದಲ್ಲಿ ತನ್ನ ಮೊದಲ ಟೆಸ್ಟ್ ಗೆಲುವನ್ನು ಪಡೆಯಿತು. ಸರಣಿಯನ್ನೂ ೩–೧ರಿಂದ ಗೆದ್ದಿತು. ನಾಲ್ಕು ಪಂದ್ಯಗಳಲ್ಲಿ ಬೆಂಗಳೂರಿನ ಪ್ರಸನ್ನರು ಪಡೆದ ವಿಕೆಟ್‌ಗಳು ೨೪. ಸ್ಪಿನ್ನಿಗೆ ಒಣ ನೆಲವೇ ಬೇಕೆಂಬ ಮಾತು ಅರ್ಧ ಸತ್ಯ ಮಾತ್ರ. ಚೆಂಡನ್ನು ಗಾಳಿಯಲ್ಲಿ ಎತ್ತಿ, ದಾಂಡಿಗನು ಎಣಿಸಿದ ಜಾಗಕ್ಕಿಂತ ಒಂದು ಗೇಣು ಹಿಂದೆ ಬೀಳಿಸಬಲ್ಲವನಿಗೆ ನೆಲದ ಸಹಾಯ ಎರಡನೆಯ ಮಾತು.

ಇನ್ನು ೧೯೭೧ರ ಕಥೆ. ಅದು ಬಹುಮಂದಿಗೆ ತಿಳಿದಿದ್ದರೂ, ಆಯ್ಕೆಯ ದೃಷ್ಟಿಯಿಂದ ಮತ್ತೊಮ್ಮೆ ನೋಡತಕ್ಕದ್ದು. ಬಾಲ್ಯದಲ್ಲಿ ಪೋಲಿಯೋ ರೋಗದಿಂದ ಬಲಗೈ ಸೊರಗಿದ ಚಂದ್ರಶೇಖರರು ಅದೇ ಕೈಯಿಂದ ಎಲ್ಲರಿಗಿಂತ ವೇಗವಾಗಿ ಸ್ಪಿನ್ ಚೆಂಡನ್ನು ಎಸೆಯುತ್ತಿದ್ದರು. ಮೂರು ವರ್ಷಗಳಿಗೂ ಮೇಲೆ ಅವರು ಟೆಸ್ಟ್ ತಂಡದಿಂದ ದೂರವಿದ್ದರು. ೧೯೭೧ರ ಆದಿಭಾಗದ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಅವರನ್ನು ಕರೆದಿರಲಿಲ್ಲ. ಅವರಿಲ್ಲದೆಯೇ ಅಲ್ಲಿ ಸರಣಿ ಗೆದ್ದದ್ದೂ ಆಗಿತ್ತು. ಗೆದ್ದ ತಂಡವನ್ನು ಬದಲಾಯಿಸದಿರುವುದು ಲೋಕರೂಢಿ. ಹಾಗಿದ್ದರೂ ವಿಜಯ್ ಮರ್ಚೆಂಟ್ ಅಧ್ಯಕ್ಷರಾಗಿದ್ದ ಆಯ್ಕೆ ಸಮಿತಿಯು ಇಂಗ್ಲೆಂಡಿಗೆ ಚಂದ್ರಶೇಖರರನ್ನು ಕಳುಹಿಸಿತು. ಆಗಸ್ಟ್ ೨೪ರಂದು ಮುಗಿದ ಓವಲ್ ಪಂದ್ಯದಲ್ಲಿ ಅವರು ೩೮ ಓಟಗಳಿಗೆ ೬ ವಿಕೆಟ್ ಪಡೆದರು. ಇಂಗ್ಲೆಂಡ್ ೧೦೧ಕ್ಕೆ ಮುಗಿಯಿತು. ೨೬ ಟೆಸ್ಟ್‌ಗಳಿಂದ ಸೋಲನ್ನೇ ಕಾಣದಿದ್ದ ತಂಡ ನಾಲ್ಕು ವಿಕೆಟ್‌ಗಳಿಂದ ಸೋತಿತು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಅದೇ ಮೊದಲ ಜಯ. ಅಂದು ಗಣೇಶ ಚತುರ್ಥಿ; ಆ ಪಂದ್ಯದ ವೇಳೆ ನಮ್ಮವರು ಮೃಗಾಲಯದಿಂದ ಒಂದು ಆನೆಯನ್ನು ಅಂಗಣಕ್ಕೆ ಕರೆತಂದಿದ್ದರೆಂಬುದೂ ಇತಿಹಾಸದಲ್ಲಿ ಸೇರಿಹೋಗಿದೆ.

ಆದರೆ ಈ ಸಂಭ್ರಮದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಮೂರು ವರ್ಷಗಳ ಹಿಂದೆ ನ್ಯೂಜಿಲೆಂಡನ್ನು ಗೆದ್ದುಕೊಟ್ಟಿದ್ದ ಪ್ರಸನ್ನರು ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಒಂದರಲ್ಲಿಯೂ ಆಡಲಿಲ್ಲ. ಆಫ್ ಸ್ಪಿನ್ ಬೌಲರನ ಸ್ಥಾನ ಉಪನಾಯಕ ವೆಂಕಟರಾಘವನ್ನರ ಪಾಲಾಯಿತು. ಅವರು ವೆಸ್ಟ್ ಇಂಡೀಸಿನಲ್ಲಿ ೨೨ ವಿಕೆಟ್ ಪಡೆದಿದ್ದರು. ದಾಂಡಿಗನ ಹತ್ತಿರ ನಿಂತು ಕ್ಯಾಚ್ ಹಿಡಿಯುವುದರಲ್ಲಿ ಗಟ್ಟಿಗರಾಗಿದ್ದರು. ಆಯ್ಕೆಗೆ ಕಾರಣಗಳಿದ್ದವು. ಆದರೂ ಒಬ್ಬ ಮಹಾ ಬೌಲರನು ಆಟಗಾರರ ಕೊಠಡಿಯ ಕಿಟಕಿಯಿಂದ ಆ ಗೆಲುವನ್ನು ನೋಡಬೇಕಾಯಿತು. ಪ್ರತಿಯೊಂದು ಆಯ್ಕೆಗೂ ಇಂತಹ ಒಂದು ಬೆಲೆಯಿದೆ. ಅದನ್ನು ತೆರುವವನು ಆರಿಸಿದವನಲ್ಲ, ಬಿಟ್ಟುಹೋದವನು. ಎರಡನೆಯದು, ಬೌಲಿಂಗ್ ದಳವೆಂದರೆ ಬೌಲರುಗಳಷ್ಟೇ ಅಲ್ಲ. ದಾಂಡಿನ ತುದಿಯಿಂದ ಕೆಲವೇ ಅಡಿಗಳ ದೂರದಲ್ಲಿ ನಿಂತಿದ್ದ ಏಕನಾಥ್ ಸೋಲ್ಕರರು ಆ ಇನ್ನಿಂಗ್ಸ್‌ನಲ್ಲಿ ಫ್ಲೆಚರ್ ಮತ್ತು ನಾಟ್ ಇವರ ಕ್ಯಾಚ್‌ಗಳನ್ನು ಹಿಡಿದರು. ಆ ಕೈಗಳಿಲ್ಲದಿದ್ದರೆ ಒಳ್ಳೆಯ ಚೆಂಡುಗಳು ಬರಿಯ ಒಳ್ಳೆಯ ಚೆಂಡುಗಳಾಗಿಯೇ ಉಳಿಯುತ್ತಿದ್ದವು.

ಒಮ್ಮೆ ಫಲಿಸಿದ ಬೀಜ ಎಲ್ಲ ಮಳೆಗೂ ಫಲಿಸುವುದೆಂದು ತಿಳಿದವನಿಗೆ ೧೯೭೪ ಪಾಠ ಕಲಿಸಿತು. ದೇಶವು ಅದೇ ಇಂಗ್ಲೆಂಡ್, ಬೌಲರುಗಳೂ ಬಹುಮಟ್ಟಿಗೆ ಅವರೇ. ಆದರೆ ಓವಲ್ ಪಂದ್ಯ ನಡೆದದ್ದು ಬೇಸಗೆಯಿಡೀ ಬಳಸಿದ ಅಂಗಣಗಳು ಒಣಗುವ ಆಗಸ್ಟ್ ಕೊನೆಯಲ್ಲಿ; ೧೯೭೪ರ ಸರಣಿಯು ಜೂನ್ ತಿಂಗಳ ತಂಪಿನಲ್ಲಿ ಆರಂಭವಾಯಿತು. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ೬೨೯ ಓಟಗಳನ್ನು ಗಳಿಸಿತು. ಬೇಡಿಯವರು ೬ ವಿಕೆಟ್ ಪಡೆದರೂ ಅದಕ್ಕಾಗಿ ೨೨೬ ಓಟಗಳನ್ನು ತೆರಬೇಕಾಯಿತು. ಚಂದ್ರಶೇಖರರ ಬೆರಳಿಗೆ ಪೆಟ್ಟಾಯಿತು. ಭಾರತವು ಎರಡನೆಯ ಇನ್ನಿಂಗ್ಸ್‌ನಲ್ಲಿ ೪೨ಕ್ಕೆ ಮುಗಿದು, ಸರಣಿಯ ಮೂರು ಪಂದ್ಯಗಳನ್ನೂ ಸೋತಿತು. ಪರನೆಲಕ್ಕೆ ಹೋಗುವವನು ಭೂಪಟವನ್ನು ಮಾತ್ರವಲ್ಲ, ಪಂಚಾಂಗವನ್ನೂ ನೋಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೧೯೭೮ರಲ್ಲಿ ಪಾಕಿಸ್ತಾನದ ಪ್ರವಾಸದೊಡನೆ ಆ ಸ್ಪಿನ್ ಯುಗ ಮುಗಿಯತೊಡಗಿತು. ಜಹೀರ್ ಅಬ್ಬಾಸ್ ಒಬ್ಬರೇ ಮೂರು ಟೆಸ್ಟ್‌ಗಳಲ್ಲಿ ೫೮೩ ಓಟ ಗಳಿಸಿದರು. ಅದೇ ಪ್ರವಾಸದಲ್ಲಿ ಫೈಸಲಾಬಾದಿನಲ್ಲಿ ಹರಿಯಾಣದ ಕಪಿಲ್ ದೇವ್ ಎಂಬ ಹತ್ತೊಂಬತ್ತರ ಹುಡುಗ ಮೊದಲ ಟೆಸ್ಟ್ ಆಡಿದನು. ಹೊಸ ಚೆಂಡಿಗೆ ಕೊನೆಗೂ ಒಬ್ಬ ಯಜಮಾನ ದೊರೆತನು. ೧೯೮೬ರಲ್ಲಿ ಅದೇ ಕಪಿಲ್ ದೇವ್ ನಾಯಕರಾಗಿ ಇಂಗ್ಲೆಂಡಿನಲ್ಲಿ ಸರಣಿಯನ್ನು ೨–೦ರಿಂದ ಗೆದ್ದರು. ಹೆಡಿಂಗ್ಲಿಯಲ್ಲಿ ಇಂಗ್ಲೆಂಡನ್ನು ೧೦೨ಕ್ಕೆ ಮುಗಿಸಿದವರಲ್ಲಿ ಮುಖ್ಯರು ೪೦ ಓಟಗಳಿಗೆ ೫ ವಿಕೆಟ್ ಪಡೆದ ಬೆಂಗಳೂರಿನ ರೋಜರ್ ಬಿನ್ನಿ, ಮತ್ತು ೧೮ ಓಟಗಳಿಗೆ ೩ ವಿಕೆಟ್ ಪಡೆದ ಮದನ್ ಲಾಲ್. ಮದನ್ ಲಾಲರು ಪ್ರವಾಸಿ ತಂಡದಲ್ಲಿಯೇ ಇರಲಿಲ್ಲ. ಚೇತನ್ ಶರ್ಮರು ಗಾಯಗೊಂಡಾಗ, ಇಂಗ್ಲೆಂಡಿನಲ್ಲಿಯೇ ಲೀಗ್ ಪಂದ್ಯಗಳನ್ನು ಆಡುತ್ತಿದ್ದ ಅವರನ್ನು ಕರೆಯಿಸಿಕೊಳ್ಳಲಾಯಿತು. ಇವರಿಬ್ಬರದೂ ಬೆಚ್ಚಿಬೀಳಿಸುವ ವೇಗವಲ್ಲ. ಆದರೆ ಆ ಹವೆಗೆ, ಆ ಹೊಲಿಗೆಗೆ ಬೇಕಾದದ್ದು ನೇರವಾದ ಕೈ ಮಾತ್ರ ಎಂಬುದನ್ನು ಅವರು ತೋರಿಸಿಕೊಟ್ಟರು. ಆ ನೆಲದಲ್ಲಿ ಬಾಳಿ ಬಲ್ಲವನನ್ನು ಕರೆತಂದದ್ದು ಆ ಆಯ್ಕೆಯ ಜಾಣತನ.

ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ೧೯೯೬ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಡರ್ಬಾನಿನಲ್ಲಿ ಭಾರತದ ಮೂವರು ವೇಗದ ಬೌಲರುಗಳೂ, ಅಂದರೆ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಡೇವಿಡ್ ಜಾನ್ಸನ್, ಕರ್ನಾಟಕದವರೇ ಆಗಿದ್ದರು. ಪ್ರಸಾದರು ಎರಡೂ ಇನ್ನಿಂಗ್ಸ್‌ಗಳಲ್ಲಿ ತಲಾ ೫ ವಿಕೆಟ್ ಪಡೆದರು. ಆದರೆ ನಮ್ಮ ದಾಂಡಿಗರು ೧೦೦ಕ್ಕೂ ೬೬ಕ್ಕೂ ಉರುಳಿ, ಪಂದ್ಯ ೩೨೮ ಓಟಗಳಿಂದ ಹೋಯಿತು. ಎಜ್‌ಬ್ಯಾಸ್ಟನ್ನಿನ ಕಥೆಯೇ ಮತ್ತೆ ನಡೆದಿತ್ತು. ಬೌಲರುಗಳು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದರು.

ಇಲ್ಲಿ ಅನಿಲ್ ಕುಂಬ್ಳೆಯವರ ಮಾತು ಬರುತ್ತದೆ. ನಮ್ಮ ಜಿಲ್ಲೆಯ ಕುಂಬಳೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತು ಲೋಕವನ್ನೆಲ್ಲ ಸುತ್ತಿದ ಈ ಬೌಲರನ ಬಗ್ಗೆ, "ತಾಯ್ನೆಲದಲ್ಲಿ ಹುಲಿ, ಪರನೆಲದಲ್ಲಿ ಸಾಧಾರಣ" ಎಂಬ ಮಾತು ಬಹುಕಾಲ ನಡೆದಿತ್ತು. ೨೦೦೨ರ ಆಗಸ್ಟಿನಲ್ಲಿ ಹೆಡಿಂಗ್ಲಿಯಲ್ಲಿ ಮೋಡ ಮುಸುಕಿತ್ತು, ಪಿಚ್ಚಿನಲ್ಲಿ ತೇವವಿತ್ತು. ರೂಢಿಯ ಪ್ರಕಾರ ನಾಯಕ ಗಂಗೂಲಿಯವರು ಮೊದಲು ಬೌಲಿಂಗ್ ಮಾಡಬೇಕಿತ್ತು, ಒಬ್ಬನೇ ಸ್ಪಿನ್ ಬೌಲರನನ್ನು ಆಡಿಸಬೇಕಿತ್ತು. ಅವರು ಮೊದಲು ಬ್ಯಾಟಿಂಗ್ ಆರಿಸಿಕೊಂಡರು. ಕುಂಬ್ಳೆ, ಹರಭಜನ್ ಇಬ್ಬರನ್ನೂ ಆಡಿಸಿದರು. ಬಂಗಾರ್ ಮತ್ತು ದ್ರಾವಿಡರು ಮೊದಲ ದಿನದ ಕಷ್ಟವನ್ನು ನುಂಗಿಕೊಂಡರು. ತಂಡ ೮ ವಿಕೆಟ್‌ಗಳಿಗೆ ೬೨೮ ಓಟ ಗಳಿಸಿತು. ನಾಲ್ಕು ಮತ್ತು ಐದನೆಯ ದಿನಗಳಲ್ಲಿ ಪಿಚ್ ಒಣಗಿದಾಗ ಸ್ಪಿನ್ ಬೌಲರುಗಳ ಸರದಿ ಬಂದಿತು. ಕುಂಬ್ಳೆಯವರು ಪಂದ್ಯದಲ್ಲಿ ೭ ವಿಕೆಟ್ ಪಡೆದರು. ಭಾರತವು ಒಂದು ಇನ್ನಿಂಗ್ಸ್ ಮತ್ತು ೪೬ ಓಟಗಳಿಂದ ಗೆದ್ದಿತು. ಅಂದು ಪಿಚ್ ನೋಡಿದವರೆಲ್ಲರೂ ಮೊದಲ ಮುಂಜಾನೆಯನ್ನು ಕಂಡರು. ತಂಡವನ್ನು ಆರಿಸಿದವರು ಐದನೆಯ ದಿನವನ್ನು ಕಂಡರು.

ಇಷ್ಟಾದ ಮೇಲೂ ೨೦೦೩ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಕುಂಬ್ಳೆಯವರು ಹೊರಗೆ ಕುಳಿತರು. ಒಂದೇ ಸ್ಥಾನವಿತ್ತು, ಅದು ಹರಭಜನರಿಗೆ ಹೋಯಿತು. ಹರಭಜನರ ಬೆರಳಿನ ಗಾಯದಿಂದ ಮಾತ್ರ ಅಡಿಲೇಡಿನಲ್ಲಿ ಕುಂಬ್ಳೆಯವರಿಗೆ ಬಾಗಿಲು ತೆರೆಯಿತು. ಮೊದಲ ಇನ್ನಿಂಗ್ಸ್‌ನಲ್ಲಿಯೇ ೫ ವಿಕೆಟ್ ಪಡೆದರು. ಭಾರತ ಆ ಪಂದ್ಯವನ್ನು ಗೆದ್ದಿತು. ಸಿಡ್ನಿಯಲ್ಲಿ ೧೪೧ ಓಟಗಳಿಗೆ ೮ ವಿಕೆಟ್. ಮೂರೇ ಟೆಸ್ಟ್‌ಗಳಲ್ಲಿ ಒಟ್ಟು ೨೪ ವಿಕೆಟ್! ಚೆಂಡು ಹೆಚ್ಚು ತಿರುಗದ ಬೌಲರ್ ಎಂದು ಅವರನ್ನು ಮೂದಲಿಸುತ್ತಿದ್ದರು. ಆದರೆ ಅವರ ಆಯುಧವು ತಿರುವಿಗಿಂತ ಪುಟಿತ. ಗಟ್ಟಿ ನೆಲ ಅದಕ್ಕೆ ಅನುಕೂಲವೇ ಹೊರತು ಪ್ರತಿಕೂಲವಲ್ಲ. ಈ ಸರಳ ಸತ್ಯವು ಗೊತ್ತಾಗಲು ಇನ್ನೊಬ್ಬರ ಬೆರಳು ನೋಯಬೇಕಾಯಿತು.

ಆ ಮೇಲೆ ಅವರೇ ನಾಯಕರಾದಾಗ ಈ ಪಾಠವನ್ನು ಮರೆಯಲಿಲ್ಲ. ೨೦೦೮ರ ಜನವರಿಯಲ್ಲಿ ಪರ್ತ್ ನಗರದಲ್ಲಿ, ಅತಿವೇಗದ ನೆಲವೆಂಬ ಖ್ಯಾತಿಯನ್ನು ನಂಬಿ ಆಸ್ಟ್ರೇಲಿಯದವರು ನಾಲ್ವರು ವೇಗದ ಬೌಲರುಗಳನ್ನು ಇಳಿಸಿ, ತಮ್ಮ ಸ್ಪಿನ್ ಬೌಲರನನ್ನು ಹೊರಗಿಟ್ಟರು. ಕುಂಬ್ಳೆಯವರು ಹರಭಜನರನ್ನು ಬಿಟ್ಟು, ಚೆಂಡನ್ನು ಬಾಗಿಸಬಲ್ಲ ಆರ್. ಪಿ. ಸಿಂಗ್, ಇರ್ಫಾನ್ ಪಠಾಣ್, ಎತ್ತರದ ಇಶಾಂತ್ ಶರ್ಮ ಇವರ ಜೊತೆಗೆ ತಾವೊಬ್ಬರೇ ಸ್ಪಿನ್ ಬೌಲರಾಗಿ ನಿಂತರು. ಭಾರತವು ೭೨ ಓಟಗಳಿಂದ ಗೆದ್ದಿತು. ಸ್ವಂತ ನೆಲವನ್ನು ಅದರ ಹಳೆಯ ಖ್ಯಾತಿಯಿಂದ ಅಳೆದವರು ಅಂದು ಸೋತರು ಎಂಬುದು ಗಮನಿಸತಕ್ಕದ್ದು.

ಇಲ್ಲಿಂದ ಮುಂದಿನದು ಸಮೃದ್ಧಿಯ ಕಾಲ. ಬುಮ್ರಾ, ಶಮಿ, ಇಶಾಂತ್, ಉಮೇಶ್, ಭುವನೇಶ್ವರ್ ಎಂದು ವೇಗದ ಬೌಲರುಗಳು ಸಾಲಾಗಿ ನಿಂತಾಗ, ಎಂದೂ ಇಲ್ಲದ ಒಂದು ಸಂಕಟ ಹುಟ್ಟಿತು. ಬಡವನ ಅಡಿಗೆಗೆ ಚಿಂತೆ ಕಡಿಮೆ, ಇದ್ದದ್ದನ್ನು ಬೇಯಿಸುತ್ತಾನೆ. ಉಗ್ರಾಣ ತುಂಬಿದವನಿಗೆ ಯಾವುದನ್ನು ಬಿಡಬೇಕೆಂಬ ಚಿಂತೆ. ೨೦೧೮ ಒಂದೇ ವರ್ಷದಲ್ಲಿ ನಡೆದ ಮೂರು ಪಂದ್ಯಗಳು ಈ ಸಂಕಟದ ಮೂರು ಮುಖಗಳನ್ನು ತೋರಿಸುತ್ತವೆ. ಜನವರಿಯಲ್ಲಿ ಜೊಹಾನ್ಸ್‌ಬರ್ಗಿನ ಅಪಾಯಕಾರಿ ಪಿಚ್ಚಿನ ಮೇಲೆ ಭಾರತವು ಐವರು ವೇಗದ ಬೌಲರುಗಳನ್ನು ಆಡಿಸಿ, ಸ್ಪಿನ್ ಬೌಲರನಿಲ್ಲದೆಯೇ ೬೩ ಓಟಗಳಿಂದ ಗೆದ್ದಿತು. ಆಗಸ್ಟಿನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ದಿನ ಪೂರ್ತಿ ಮಳೆಗೆ ಹೋಯಿತು. ಆದರೂ ಎರಡನೆಯ ದಿನ ಇಳಿಸಿದ ತಂಡದಲ್ಲಿ ಅಶ್ವಿನ್, ಕುಲದೀಪ್ ಎಂಬ ಇಬ್ಬರು ಸ್ಪಿನ್ ಬೌ��ರುಗಳಿದ್ದರು. ಇಂಗ್ಲೆಂಡಿನ ೭ ವಿಕೆಟ್‌ಗಳೂ ವೇಗದ ಬೌಲರುಗಳ ಪಾಲಾದವು. ಸ್ಪಿನ್ ಬೌಲರಿಬ್ಬರಿಗೂ ಒಂದೂ ಸಿಗಲಿಲ್ಲ. ಭಾರತವು ಒಂದು ಇನ್ನಿಂಗ್ಸ್ ಮತ್ತು ೧೫೯ ಓಟಗಳಿಂದ ಸೋತಿತು. ಆಯ್ಕೆ ತಪ್ಪಿತೆಂದು ನಾಯಕ ಕೊಹ್ಲಿಯವರೇ ಒಪ್ಪಿಕೊಂಡರು. ಡಿಸೆಂಬರಿನಲ್ಲಿ ಪರ್ತ್‌ನ ಹೊಸ ಅಂಗಣದ ಹಸುರು ಹುಲ್ಲನ್ನು ಕಂಡು, ಗಾಯಗೊಂಡಿದ್ದ ಅಶ್ವಿನರ ಸ್ಥಾನಕ್ಕೆ ನಾಲ್ಕನೆಯ ವೇಗದ ಬೌಲರನನ್ನು ಆರಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರನಾದವನು ೮ ವಿಕೆಟ್ ಪಡೆದ ಆಸ್ಟ್ರೇಲಿಯದ ಸ್ಪಿನ್ ಬೌಲರ್ ನೇಥನ್ ಲಯನ್! ಭಾರತ ೧೪೬ ಓಟಗಳಿಂದ ಸೋತಿತು. ಹುಲ್ಲು ಚೆಂಡನ್ನು ಪುಟಿಸಿದಾಗ ಅದು ವೇಗದ ಚೆಂಡೋ ನಿಧಾನದ ಚೆಂಡೋ ಎಂದು ಕೇಳುವುದಿಲ್ಲ. ನಮ್ಮ ಗುಡ್ಡದ ಮೇಲಿನ ಪಂದ್ಯದಲ್ಲಿ ನಾನು ಮಾಡಿದ ತಪ್ಪು ಇದೇ.

೨೦೨೧ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ನಡೆದದ್ದು ಆರಿಸುವವರಿಗೆಲ್ಲ ಸಮಾಧಾನ ಕೊಡುವ ಪ್ರಸಂಗ. ಮುಖ್ಯ ಬೌಲರುಗಳೆಲ್ಲರೂ ಗಾಯಗೊಂಡಿದ್ದರು. ಉಳಿದ ಸಿರಾಜ್, ಸೈನಿ, ಶಾರ್ದೂಲ್, ನಟರಾಜನ್, ವಾಷಿಂಗ್ಟನ್ ಸುಂದರ್ ಈ ಐವರ ಟೆಸ್ಟ್ ಅನುಭವವನ್ನು ಕೂಡಿಸಿದರೆ ನಾಲ್ಕೇ ಪಂದ್ಯಗಳು. ಕೊನೆಯ ಇಬ್ಬರು ಅಂದೇ ಮೊದಲ ಟೆಸ್ಟ್ ಆಡಿದರು. ೧೯೮೮ರ ನಂತರ ಆಸ್ಟ್ರೇಲಿಯ ಸೋಲದಿದ್ದ ಆ ಅಂಗಣದಲ್ಲಿ ಇವರು ೨೦ ವಿಕೆಟ್ ಕೆಡವಿದರು. ಭಾರತ ೩ ವಿಕೆಟ್‌ಗಳಿಂದ ಗೆದ್ದಿತು. ಎಜ್‌ಬ್ಯಾಸ್ಟನ್ನಿನಲ್ಲಿ ಆಯ್ಕೆಯಿಲ್ಲದ ಬಡತನ ಹೇಗಿತ್ತೋ ಇಲ್ಲಿಯೂ ಹಾಗೆಯೇ ಇತ್ತು. ಆದರೆ ಈ ಸಲ ಬಡತನದ ಹಿಂದೆ ಹಲವು ವರ್ಷಗಳ ಬಿತ್ತನೆಯಿತ್ತು.

ಅಶ್ವಿನರ ಕಥೆಯನ್ನೂ ಹೇಳದೆ ಈ ಇತಿಹಾಸ ಪೂರ್ಣವಾಗದು. ೨೦೨೧ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ನಾಲ್ಕು ಟೆಸ್ಟ್‌ಗಳಲ್ಲಿ ಒಂದರಲ್ಲಿಯೂ ಅವರನ್ನು ಆಡಿಸಲಿಲ್ಲ. ಓವಲ್‌ನಲ್ಲಿಯಾದರೂ ಆಡಿಸಬಹುದೆಂದು ಎಲ್ಲರೂ ಎಣಿಸಿದ್ದರು. ಅಲ್ಲಿಯೂ ನಾಲ್ವರು ವೇಗದ ಬೌಲರುಗಳು ಮತ್ತು ಜಡೇಜಾ. ಕೊನೆಯ ದಿನ ಬುಮ್ರಾ ಅವರು ಪೋಪ್, ಬೇರ್‌ಸ್ಟೋ ಇಬ್ಬರ ವಿಕೆಟ್‌ಗಳನ್ನು ಉರುಳಿಸಿದರು. ಜಡೇಜಾ ಅವರು ಹಮೀದ್, ಮೊಯಿನ್ ಅಲಿ ಇಬ್ಬರನ್ನು ಕೆಡವಿದರು. ೧೯೭೧ರ ಬಳಿಕ, ಸರಿಯಾಗಿ ಐವತ್ತು ವರ್ಷಗಳಿಗೆ, ಓವಲ್‌ನಲ್ಲಿ ಭಾರತ ಗೆದ್ದಿತು. ೨೦೨೩ರ ಜೂನ್‌ನಲ್ಲಿ ಅದೇ ಓವಲ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ. ಮೊದಲ ಮುಂಜಾನೆಯ ಮೋಡವನ್ನು ನೋಡಿ ಅಶ್ವಿನರನ್ನು ಮತ್ತೆ ಬಿಟ್ಟರು. ಮಧ್ಯಾಹ್ನ ಬಿಸಿಲು ಬಂದಿತು. ಹೆಡ್ ೧೬೩, ಸ್ಮಿತ್ ೧೨೧ ಓಟ ಗಳಿಸಿದರು. ಕೊನೆಯ ಇನ್ನಿಂಗ್ಸ್‌ನಲ್ಲಿ ಲಯನ್ನರು ೪ ವಿಕೆಟ್ ಪಡೆದರು. ಭಾರತವು ೨೦೯ ಓಟಗಳಿಂದ ಸೋತಿತು. ಅಂಗಣವೊಂದೇ, ಬಿಟ್ಟದ್ದು ಒಬ್ಬನನ್ನೇ. ಒಮ್ಮೆ ಜಯ, ಒಮ್ಮೆ ಅಪಜಯ. ಗೆದ್ದ ಕೂಡಲೇ ಆಯ್ಕೆ ಸರಿಯೆಂದೂ, ಸೋತ ಕೂಡಲೇ ತಪ್ಪೆಂದೂ ತೀರ್ಪು ಕೊಡುವವರು ಈ ಎರಡು ಪಂದ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಈ ಇತಿಹಾಸದಿಂದ ಯಾವ ನಿಯಮವೂ ದೊರೆಯುವುದಿಲ್ಲವೆ? ದೊರೆಯುತ್ತದೆಂದೇ ನನ್ನ ನಂಬಿಕೆ. ನೆಲಕ್ಕೆ ಅಂಜಿ, ಆ ನೆಲದವರನ್ನು ಅನುಕರಿಸಲು ಹೊರಟಾಗ ನಮ್ಮವರು ಎಡವಿದ್ದುಂಟು. ನೆಲವನ್ನು ಲೆಕ್ಕಿಸದೆ, ತಮ್ಮ ರೂಢಿಯನ್ನೇ ಹಿಡಿದಾಗಲೂ ಎಡವಿದ್ದುಂಟು. ತಮ್ಮಲ್ಲಿರುವ ಉತ್ತಮವಾದ ಕೈಗಳನ್ನು ಮೊದಲು ಎಣಿಸಿ, ಆ ಕೈಗಳು ಐದು ದಿನಗಳಲ್ಲಿ ಯಾವ ದಿನ, ಯಾವ ಹೊತ್ತಿನಲ್ಲಿ ಕೆಲಸಕ್ಕೆ ಬರುವುವೆಂದು ಯೋಚಿಸಿದಾಗ ಗೆಲುವು ಹತ್ತಿರ ಬಂದಿದೆ. ಕೈಗಳು ಒಂದೇ ಬಗೆಯವಾಗಿರದೆ ಬೇರೆ ಬೇರೆಯಾಗಿದ್ದರೆ, ನೆಲದ ವಿಷಯದಲ್ಲಿ ನಮ್ಮ ಊಹೆ ತಪ್ಪಿದರೂ ಪೂರ್ತಿ ಮುಳುಗುವ ಭಯವಿಲ್ಲ.

ಈ ಲೇಖನವನ್ನು ಎಜ್‌ಬ್ಯಾಸ್ಟನ್ನಿನಲ್ಲಿಯೇ ಮುಗಿಸುವುದು ಉಚಿತ. ವಿಕೆಟ್ ಕೀಪರನ ಕೈಗೆ ಹೊಸ ಚೆಂಡನ್ನು ಕೊಡಬೇಕಾಗಿ ಬಂದಿದ್ದ ಆ ಅಂಗಣದಲ್ಲಿ ಭಾರತವು ದಶಕಗಳ ಕಾಲ ಒಂದೂ ಟೆಸ್ಟ್ ಗೆದ್ದಿರಲಿಲ್ಲ. ೨೦೨೫ರ ಜುಲೈಯಲ್ಲಿ ಅಲ್ಲಿ ಬುಮ್ರಾ ಅವರಿಗೆ ವಿಶ್ರಾಂತಿ ಕೊಟ್ಟು, ಅವರ ಸ್ಥಾನದಲ್ಲಿ ಆಕಾಶ್ ದೀಪರನ್ನು ಆಡಿಸಿದಾಗ ಟೀಕಿಸಿದವರು ಅನೇಕರು. ಆಕಾಶ್ ದೀಪರು ೧೦ ವಿಕೆಟ್ ಪಡೆದರು. ಸಿರಾಜರು ಮೊದಲ ಇನ್ನಿಂಗ್ಸ್‌ನಲ್ಲಿ ೬ ವಿಕೆಟ್ ಪಡೆದರು. ಭಾರತವು ೩೩೬ ಓಟಗಳಿಂದ ಗೆದ್ದಿತು. ಐವತ್ತೆಂಟು ವರ್ಷಗಳಲ್ಲಿ ಬದಲಾದದ್ದು ಬರ್ಮಿಂಗ್‌ಹ್ಯಾಮಿನ ಮಣ್ಣಿಗಿಂತಲೂ ಹೆಚ್ಚಾಗಿ, ಆ ಮಣ್ಣಿನ ಮುಂದೆ ನಿಂತು ಆರಿಸುವವರ ಕೈಯಲ್ಲಿದ್ದ ಬುತ್ತಿ.

ನಮ್ಮ ಶಾಲೆಯ ಆ ಹುಡುಗನಿಗೆ ನಾನು ಈಗ ಉತ್ತರ ಕೊಡಬಲ್ಲೆನು. "ನಾನು ನೆಲವನ್ನು ನೋಡಿದೆ, ನಿನ್ನನ್ನು ನೋಡಲಿಲ್ಲ, ತಪ್ಪು ನನ್ನದು" ಎಂಬುದೇ ಆ ಉತ್ತರ. ಈ ವರ್ಷದ ಕೊಯ್ಲು ಮುಗಿದ ಮೇಲೆ ಮತ್ತೆ ಆ ಗುಡ್ಡದ ಅಂಗಣಕ್ಕೆ ಹೋಗಬೇಕಾಗಿದೆ. ಗೆಲ್ಲುವೆವೋ ಸೋಲುವೆವೋ ತಿಳಿಯದು. ಆದರೆ ಹನ್ನೊಂದು ಮಂದಿಯ ಪಟ್ಟಿಯಲ್ಲಿ ಅವನ ಹೆಸರನ್ನು ಮೊದಲೇ ಬರೆದಿಟ್ಟಿದ್ದೇನೆ.